ಉದ್ದ ಪದಗಳು ಬಾಯಲ್ಲಿ ಒಡೆಯುವುದು ಎಲ್ಲಿ? ಬರೆದಲ್ಲೇ ಅಲ್ಲ!

‘ಕನ್ನಡ ಬರೆದಂತೆಯೇ ಓದುವ ಭಾಷೆ, ಒಂದು ಅಕ್ಷರವೆಂದರೆ ಒಂದು ಉಚ್ಚಾರಾಂಶ’ ಎಂಬ ಮಾತನ್ನು ನಾವೆಲ್ಲ ಶಾಲೆಯಿಂದಲೇ ಕೇಳಿದ್ದೇವೆ. ಇದು ಅರ್ಧ ನಿಜ. ಉಳಿದರ್ಧ ಮರೆತರೆ ಪೆಟ್ಟು ಬೀಳುವುದು ಓದು ಕಲಿಯುತ್ತಿರುವ ಮಕ್ಕಳಿಗೆ.

ಕೊಪ್ಪಳ ಜಿಲ್ಲೆಯ ಹುಲಿಗಿಯನ್ನೇ ತೆಗೆದುಕೊಳ್ಳೋಣ. ಇಲ್ಲಿನ ದೇವಿಯ ಹೆಸರನ್ನು ಬರೆಯುವುದು ಹು-ಲಿ-ಗೆ-ಮ್ಮ ಎಂದು. ಮೆಲ್ಲಗೆ ಬಿಡಿಸಿ ಹೇಳಿನೋಡಿ: ಹು-ಲಿ-ಗೆಮ್-ಮ. ‘ಗೆ’ ಹೇಳುತ್ತಲೇ ತುಟಿ ಮುಚ್ಚುತ್ತದೆ, ಮತ್ತೆ ತೆರೆಯುವುದು ಮುಂದಿನ ‘ಮ’ಕ್ಕೆ. ಅಂದರೆ ಒತ್ತಕ್ಷರದ ಅರ್ಧ ಭಾಗ ಹಿಂದಿನ ಅಕ್ಷರಕ್ಕೆ ಸೇರಿಬಿಟ್ಟಿದೆ.

ಸುತ್ತಲಿನ ಊರುಗಳೂ ಹೀಗೆಯೇ. ಕೊಪ್-ಪ-ಳ, ಕುಷ್-ಟ-ಗಿ. ಯಲಬುರ್ಗಾ ಇನ್ನೂ ಮಜವಾಗಿದೆ: ಅರ್ಕಾವತ್ತನ್ನು ‘ಗಾ’ದ ಬಲಕ್ಕೆ ಬರೆಯುತ್ತೇವೆ, ಆದರೆ ಉಚ್ಚರಿಸುವುದು ಅದಕ್ಕಿಂತ ಮೊದಲು, ಯ-ಲ-ಬುರ್-ಗಾ. ಗಂಗಾವತಿ ಮಾತ್ರ ಬರೆದಲ್ಲೇ ಒಡೆಯುತ್ತದೆ. ಹುಲಿಗಿಗೆ ಹತ್ತಿರದ ಮುನಿರಾಬಾದ್ ಬರವಣಿಗೆಯಲ್ಲಿ ಐದಾದರೂ ಬಾಯಲ್ಲಿ ನಾಲ್ಕೇ. ಕೊನೆಯ ‘ದ್’ ಒಂಟಿಯಾಗಿ ನಿಲ್ಲದು.

ಇದು ಹೊಸ ಸಂಗತಿಯೇನಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ ಎಂದು ಛಂದಸ್ಸಿನ ಪಾಠದಲ್ಲಿ ಬಾಯಿಪಾಠ ಮಾಡಿದ್ದೆವಲ್ಲ? ಅದರ ಕಾರಣ ಇದೇ. ಏಕೆಂದು ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಾಗಾದರೆ ಸ್ವರಾಘಾತ, ಅಂದರೆ ದನಿಯನ್ನು ಒತ್ತಿ ಹೇಳುವುದು? ಡಚ್ ಭಾಷೆಯಲ್ಲಿ ‘ವೋರ್‌ಕೋಮನ್’ ಎಂಬ ಪದದ ಮೊದಲ ಭಾಗವನ್ನು ಒತ್ತಿದರೆ ‘ಸಂಭವಿಸು’, ಎರಡನೆಯದನ್ನು ಒತ್ತಿದರೆ ‘ತಡೆಗಟ್ಟು’. ಕನ್ನಡದಲ್ಲಿ ಸಾಮಾನ್ಯವಾಗಿ ಪದದ ಮೊದಲಿಗೆ ತುಸು ಒತ್ತು ಬೀಳುತ್ತದೆ, ಆದರೆ ಅದನ್ನು ಸರಿಸಿದರೆ ಕೇಳಲು ವಿಚಿತ್ರವೆನಿಸೀತೇ ಹೊರತು ಅರ್ಥ ಕೆಡದು. ನಮ್ಮಲ್ಲಿ ಅರ್ಥ ಕೆಡಿಸುವುದು ಉದ್ದ ಮತ್ತು ದ್ವಿತ್ವ: ಕಡು-ಕಾಡು, ಹಳಿ-ಹಳ್ಳಿ, ಕತೆ-ಕತ್ತೆ.

ಸಮಾಸಪದಗಳಲ್ಲಿ ಇನ್ನೊಂದು ತೊಡಕಿದೆ. ಡಚ್ಚಿನ ‘ಕ್ವಾರ್ಟ್‌ಸ್ಲಾಗನ್’ ಅನ್ನು ಒಂದು ಕಡೆ ಬಿಡಿಸಿದರೆ ಕಾಲು ಸುತ್ತುಗಳು, ಇನ್ನೊಂದು ಕಡೆ ಬಿಡಿಸಿದರೆ ಸ್ಫಟಿಕಶಿಲೆಯ ಪದರಗಳು. ನಮ್ಮ ರಾಮನಗರವನ್ನೂ ‘ರಾಮನ ಗರ’ ಎಂದು ಓದಿದರೆ ಊರು ಹೋಗಿ ಪೀಡೆ ಬಂತು! ‘ಹುಲಿಗೆಮ್ಮದೇವಿದೇವಸ್ಥಾನ’ ಎಂದು ಒಟ್ಟಿಗೆ ಬರೆದು, ಸಾಲು ಸಾಲದೆ ‘ಹುಲಿಗೆಮ್ಮದೇವಿದೇ-’ ಎಂದು ಮುರಿದರೆ ನುರಿತವರೂ ಒಮ್ಮೆ ತಡವರಿಸುತ್ತಾರೆ. ‘ದೇವಿ’ಯ ನಂತರ ಮುರಿದರೆ ಆ ತೊಂದರೆಯಿಲ್ಲ.

ಮಗು ‘ದೇ-ವ-ಸ್ಥಾ-ನ’ ಎಂದು ಅಕ್ಷರ ಜೋಡಿಸುತ್ತ ಎಡವಿದರೆ ಅದನ್ನು ದಡ್ಡತನ ಎನ್ನಬೇಡಿ. ಪುಸ್ತಕದಲ್ಲಿರುವುದನ್ನೇ ಅದು ಓದುತ್ತಿದೆ. ಮೊದಲು ‘ದೇವ’, ‘ಸ್ಥಾನ’ ಎಂದು ಪದಗಳನ್ನು ಬಿಡಿಸಿ ತೋರಿಸಿ, ಆಮೇಲೆ ಚಪ್ಪಾಳೆ ತಟ್ಟುತ್ತ ಒಟ್ಟಿಗೆ ಹೇಳಿಸಿ: ದೇ-ವಸ್-ಥಾ-ನ.