ನೀಲಿಯ ಬಾನಿಯೂ ಸೇಂದ್ರಿಯ ರಸಾಯನವೂ

ಕೃಷ್ಣಾ ಘಟಪ್ರಭೆಗಳ ಸೀಮೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಬಾಗಲಕೋಟೆಯೆಂಬ ಒಂದೇ ಜಿಲ್ಲೆಗೆ ಸೇರಿದವುಗಳಾದರೂ, 1948ಕ್ಕೆ ಮುಂಚೆ ಅವುಗಳ ಒಡೆತನವು ಬೇರೆ ಬೇರೆಯಾಗಿದ್ದಿತು. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು. ರಬಕವಿಯು ಸಾಂಗಲಿ ಸಂಸ್ಥಾನದ್ದು. ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯೊಳಗಿದ್ದಿತು. ದೊರೆಗಳು ಬೇರೆಯಾದರೂ ಈ ಸೀಮೆಯ ಮಗ್ಗಗಳಿಗೆ, ವಿಶೇಷವಾಗಿ ರಬಕವಿ-ಬನಹಟ್ಟಿಯ ಸೀರೆಯ ಮಗ್ಗಗಳಿಗೆ, ಬೇಕಾದುದು ಒಂದೇ: ಒಗೆದರೂ ಬಿಡದ ಬಣ್ಣ ಹಿಡಿದ ನೂಲು. ಆ ಬಣ್ಣದ ಚರಿತ್ರೆಯನ್ನು ಹೇಳಹೊರಟರೆ ಸೇಂದ್ರಿಯ ರಸಾಯನಶಾಸ್ತ್ರದ ಮೊದಲ ಪಾಠಗಳನ್ನೂ ಹೇಳಿದಂತಾಗುತ್ತದೆ.

ಹಿಂದಿನ ಕಾಲದಲ್ಲಿ ಬಣ್ಣವೆಲ್ಲ ಹೆಚ್ಚಾಗಿ ಗಿಡಮರಗಳಿಂದ ಬರುತ್ತಿದ್ದಿತು. ಕೆಂಪು ಸುರಂಜಿಯ ಬೇರಿನಿಂದ, ನೀಲಿಯು ನೀಲಿಗಿಡದ ಎಲೆಯಿಂದ. ನೀಲಿಯ ಕಸಬಿನವರಿಗೆ ಕನ್ನಡನಾಡಿನಲ್ಲಿ ನೀಲಗಾರರೆಂದೇ ಹೆಸರು. ಜೀವಿಗಳಲ್ಲಿ ಹುಟ್ಟುವ ಇಂಥ ಪದಾರ್ಥಗಳನ್ನು ಮನುಷ್ಯನು ಪ್ರಯೋಗಶಾಲೆಯಲ್ಲಿ ಮಾಡಲಾರನು, ಅದಕ್ಕೆ ಜೀವಶಕ್ತಿಯೊಂದು ಬೇಕು, ಎಂದು ಯೂರೋಪಿನ ಪಂಡಿತರೂ ಬಹುಕಾಲ ನಂಬಿದ್ದರು. ಸೇಂದ್ರಿಯವೆಂಬ ಹೆಸರೇ ಆ ನಂಬಿಕೆಯ ಗುರುತು. 1828ರಲ್ಲಿ ಜರ್ಮನಿಯ ವೋಲರನು ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಮೂತ್ರದಲ್ಲಿ ದೊರೆಯುವ ಯೂರಿಯವನ್ನು ಪಡೆದನು. ಎರಡರಲ್ಲಿಯೂ ಪರಮಾಣುಗಳು ಅವೇ, ಅವುಗಳ ಎಣಿಕೆಯೂ ಅದೇ. ಜೋಡಣೆ ಮಾತ್ರ ಬೇರೆ. ಜೀವಶಕ್ತಿಯ ವಾದವು ಅಂದೇ ಸತ್ತಿತೆಂದು ಪಠ್ಯಪುಸ್ತಕಗಳು ಹೇಳುವುದು ಅತಿಶಯೋಕ್ತಿ; ಅದು ಮೆಲ್ಲಮೆಲ್ಲನೆ ಸತ್ತಿತು.

1858ರಲ್ಲಿ ಕೆಕುಲೆಯು ಇಂಗಾಲದ ಪರಮಾಣುವಿಗೆ ನಾಲ್ಕು ಬಂಧಗಳೆಂದೂ, ಅದು ತನ್ನ ಜಾತಿಯವುಗಳೊಡನೆಯೇ ಸರಪಳಿಯಾಗಿ ಕೂಡಬಲ್ಲುದೆಂದೂ ಪ್ರತಿಪಾದಿಸಿದನು. 1865ರಲ್ಲಿ, ಬೆಂಜೀನಿನ ಆರು ಇಂಗಾಲಗಳು ಉಂಗುರವಾಗಿವೆಯೆಂದನು. ಕೆಲವೇ ಬಣ್ಣದ ನೂಲಿನಿಂದ ಎಷ್ಟು ಬಗೆಯ ಅಂಚುಗಳಾಗುವುವೆಂಬುದು ನೇಕಾರನಿಗೆ ಗೊತ್ತು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳಿಂದ ಲಕ್ಷೋಪಲಕ್ಷ ಪದಾರ್ಥಗಳಾಗುವುದೂ ಹಾಗೆಯೇ. ಜೋಡಣೆ ತಿಳಿದರೆ ಪದಾರ್ಥವನ್ನು ಕಟ್ಟಬಹುದು. ಯೂರೋಪಿನ ಮಂಜಿಷ್ಠದ ಕೆಂಪಾದ ಅಲಿಜರಿನ್ನನ್ನು 1868ರಲ್ಲಿ ಗ್ರೇಬೆ, ಲೀಬರ್ಮನ್ ಎಂಬಿಬ್ಬರು ಕಲ್ಲಿದ್ದಲ ಡಾಮರಿನ ಆಂಥ್ರಸೀನಿನಿಂದ ಕಟ್ಟಿದರು. ಸುರಂಜಿಯ ಕೆಂಪೂ ಆ ಮನೆತನದ್ದೇ. ಪಟಿಕದ ನೆರವಿಲ್ಲದೆ ಎರಡೂ ನೂಲಿಗೆ ಸರಿಯಾಗಿ ಹತ್ತವು.

ನೀಲಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಅಣುವಿನಲ್ಲಿ 16 ಇಂಗಾಲ, 10 ಜಲಜನಕ, 2 ಸಾರಜನಕ, 2 ಆಮ್ಲಜನಕ ಪರಮಾಣುಗಳಿವೆ. ಅದು ನೀರಿನಲ್ಲಿ ಕರಗದು. ಕರಗದುದು ನೂಲಿನೊಳಕ್ಕೆ ಇಳಿಯದು. ನೀಲಗಾರರು ಕಂಡುಕೊಂಡ ಉಪಾಯವಾವುದೆಂದರೆ, ಬಾನಿಯಲ್ಲಿ ನೀಲಿಯೊಡನೆ ಸುಣ್ಣವನ್ನೂ, ಬೇಯಿಸಿದ ತಗಚೆಯ ಬೀಜವನ್ನೋ ಬೆಲ್ಲವನ್ನೋ ಹಾಕಿ, ದಿನಗಟ್ಟಲೆ ಹುದುಗಲು ಬಿಡುವುದು. ಹುದುಗುವಾಗ ಸೂಕ್ಷ್ಮಜೀವಿಗಳ ಕೆಲಸದಿಂದ ಅಣುವಿಗೆ ಎರಡು ಜಲಜನಕಗಳು ಸೇರಿ, ಹತ್ತು ಹನ್ನೆರಡಾಗುತ್ತದೆ; ನೀಲವರ್ಣ ಮಾಯವಾಗಿ ಪದಾರ್ಥವು ಸುಣ್ಣದ ಕ್ಷಾರದಲ್ಲಿ ಹಳದಿಹಸಿರಾಗಿ ಕರಗುತ್ತದೆ. ಅದ್ದಿ ತೆಗೆದ ನೂಲು ಮೊದಲು ಹಸಿರು. ಗಾಳಿಯ ಆಮ್ಲಜನಕವು ಆ ಎರಡು ಜಲಜನಕಗಳನ್ನು ಕಿತ್ತುಕೊಂಡೊಡನೆ ನೀಲಿ. ಎಳೆಯೊಳಗೆ ಹೊಕ್ಕ ಮೇಲೆ ಮತ್ತೆ ಕರಗದ ಪದಾರ್ಥವಾಗಿ ನಿಲ್ಲುವುದರಿಂದಲೇ ಅದು ಒಗೆತಕ್ಕೆ ಹೋಗದು. ಪಂಚತಂತ್ರದ ನರಿಯು ಬಾನಿಯಿಂದ ಎದ್ದಾಗ ಸ್ವಲ್ಪ ಹೊತ್ತು ಹಸಿರಾಗಿಯೇ ಇದ್ದಿರಬೇಕು. ಕಥೆಗಾರನು ಆ ಮಾತನ್ನು ಬಿಟ್ಟಿದ್ದಾನೆ!

ಬಾಯರನು 1865ರಿಂದ ಈ ಅಣುವಿನ ಬೆನ್ನುಹತ್ತಿ, 1880ರಲ್ಲಿ ಕೃತಕವಾಗಿ ನೀಲಿಯನ್ನು ಮಾಡಿ, 1883ರಲ್ಲಿ ಅದರ ಜೋಡಣೆಯನ್ನು ತಿಳಿಸಿದನು. 1897ರಲ್ಲಿ ಜರ್ಮನಿಯ ಬಾಡಿಷೆ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು. ಆ ವರ್ಷ ಸುಮಾರು 19,000 ಟನ್ನುಗಳಿದ್ದ ಸಸ್ಯಮೂಲದ ನೀಲಿಯು 1914ರ ಹೊತ್ತಿಗೆ ಸುಮಾರು 1,000 ಟನ್ನಿಗೆ ಇಳಿಯಿತು. ಬೇರಿನ ಬಣ್ಣ ನಿಜ, ಪುಡಿಯ ಬಣ್ಣ ಸುಳ್ಳು ಎಂದು ನಮ್ಮಲ್ಲಿ ಹೇಳುವವರುಂಟು. ಮೊದಮೊದಲಿನ ಕೆಲವು ಅನಿಲೀನ್ ಬಣ್ಣಗಳ ವಿಷಯದಲ್ಲಿ ಆ ದೂರು ನ್ಯಾಯವೇ. ಅವು ಬಿಸಿಲಿಗೆ ಬೇಗನೆ ಮಾಸಿದವು. ಆದರೆ ನೀಲಿಯ ಮೇಲೆ ಅದೇ ದೂರನ್ನು ಹೊರಿಸುವುದು ಸಲ್ಲದು. ಎಲೆಯ ನೀಲಿಯೊಡನೆ ಬೇರೆ ಕೆಲವು ಪದಾರ್ಥಗಳು ಕೂಡಿ ಬರುತ್ತವೆಂಬುದನ್ನು ಬಿಟ್ಟರೆ, ನೀಲಿಯ ಅಣುವು ಎರಡರಲ್ಲಿಯೂ ಒಂದೇ. ತಾನು ಹೊಲದಲ್ಲಿ ಹುಟ್ಟಿತೋ ಕಾರ್ಖಾನೆಯಲ್ಲಿ ಹುಟ್ಟಿತೋ ಎಂಬ ನೆನಪು ಅಣುವಿಗಿಲ್ಲ.

ನೆನಪು ಮನುಷ್ಯರಿಗುಂಟು. ಬಿಹಾರದ ಚಂಪಾರಣ್ಯದಲ್ಲಿ, ನೀಲಿಯ ಬೆಲೆ ಬಿದ್ದ ಮೇಲೆ ತೋಟದ ದೊರೆಗಳು ರೈತರನ್ನು ಆ ಬೆಳೆಯ ಕಟ್ಟಿನಿಂದ ಬಿಡಿಸುವುದಕ್ಕೆ ಪ್ರತಿಯಾಗಿ ಗೇಣಿಯನ್ನು ಏರಿಸಿದರು. 1917ರಲ್ಲಿ ಗಾಂಧಿಯವರು ಅಲ್ಲಿಗೆ ಹೋದುದು ಈ ಸಂಕಟದ ವಿಚಾರಣೆಗಾಗಿಯೇ. ನೇಕಾರರ ಊರಿಗೆ ಬಂದ ಪರಿಣಾಮ ಬೇರೆ ಬಗೆಯದು. ಕಾರ್ಖಾನೆಯ ನೀಲಿಯೂ ನೀರಿನಲ್ಲಿ ಕರಗದಾದುದರಿಂದ ಬಾನಿಯು ಬೇಕೇ ಬೇಕಾಯಿತು. ಆದರೆ ದಿನಗಟ್ಟಲೆ ಹುದುಗಿಸುವ ಬದಲು ಸೋಡಿಯಂ ಹೈಡ್ರೋಸಲ್ಫೈಟಿನ ಪುಡಿಯು ಆ ಕೆಲಸವನ್ನು ಸ್ವಲ್ಪ ಹೊತ್ತಿನಲ್ಲಿಯೇ ಮಾಡತೊಡಗಿತು. ಬಾನಿಯ ವಾಸನೆಯನ್ನೂ ನೊರೆಯನ್ನೂ ನೋಡಿ ಹದ ಹೇಳುತ್ತಿದ್ದ ನೀಲಗಾರನ ವಿದ್ಯೆಗೆ ಕೂಲಿ ಕೊಡುವವರು ಕಡಿಮೆಯಾದರು. 1914ರ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣ ನಿಂತುಹೋಗಲು, ಭಾರತದ ನೀಲಿಯ ಹೊಲಗಳು ಕೆಲವು ವರ್ಷ ಮತ್ತೆ ಹಸಿರಾದವು. ಯುದ್ಧವು ಮುಗಿದು ಕಾರ್ಖಾನೆಯ ಪುಡಿಯು ಪುನಃ ಬಂದೊಡನೆ ಅವು ಮತ್ತೆ ಕುಗ್ಗಿದವು.