ಟಿಕೆಟ್ ನಿರ್ಧಾರ: ಜಮಖಂಡಿ, ಮುಧೋಳ, ಬೀಳಗಿ, ತೇರದಾಳ

ಚುನಾವಣೆಗೆ ಮೊದಲು ಪಕ್ಷದ ಹುರಿಯಾಳು ಯಾರೆಂದು ತೀರ್ಮಾನಿಸುವುದಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ‘ಟಿಕೆಟ್’ ಎಂದೇ ಹೆಸರು. ಪಕ್ಷ ತನ್ನ ಅಧಿಕೃತ ಹುರಿಯಾಳಿಗೆ ಕೊಡುವ ಬಿ ಫಾರಂ ಕೈಗೆ ಬರುವವರೆಗೂ ಅದು ಖಚಿತವಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು 1903ರಲ್ಲಿ ಕಾನೂನು ಮಾಡಿ ಹುರಿಯಾಳನ್ನು ಆರಿಸುವ ಅಧಿಕಾರವನ್ನು ಮತದಾರರಿಗೆ ಕೊಟ್ಟಿತು. ಇಲ್ಲಿ ಅದು ಬೆಂಗಳೂರು, ದೆಹಲಿಗಳಲ್ಲೇ ಉಳಿದಿದೆ.

ಆದರೂ ಹುರಿಯಾಳನ್ನು ಊರೇ ಮೊದಲು ಗುರುತಿಸಿದ ಉದಾಹರಣೆಯಿದೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ಸೇರಿ ಬ್ಯಾರೇಜ್ ಕಟ್ಟಿದರು. ಅದರ ಮುಂದಾಳು ಸಿದ್ದು ನ್ಯಾಮಗೌಡ ‘ಬ್ಯಾರೇಜ್ ಸಿದ್ದು’ ಎನಿಸಿಕೊಂಡು, 1991ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನದಿಗೆ ಅಡ್ಡಲಾಗಿ ನಿಂತ ಆ ಕೆಲಸಕ್ಕಿಂತ ದೊಡ್ಡ ಶಿಫಾರಸು ಯಾವ ಸಮಿತಿಯೂ ಕೊಡಲಾರದು.

ಕಾರ್ಯಕರ್ತರ ಮತದಿಂದಲೇ ಹುರಿಯಾಳನ್ನು ಆರಿಸುವ ಪ್ರಯೋಗವನ್ನು 2014ರಲ್ಲಿ ಕಾಂಗ್ರೆಸ್ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಿಗೆ ಮಾತ್ರ. ಹಾಗೆ ಆಯ್ಕೆಯಾದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಸೋತರು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಬಿಜೆಪಿ ಪದಾಧಿಕಾರಿಗಳಿಂದ ಗುಪ್ತ ಮತ ಪಡೆಯಿತು. ಅದೂ ಶಿಫಾರಸು ಮಾತ್ರ. ಅಂತಿಮ ಮಾತು ದೆಹಲಿಯದ್ದು. ಅದೇ ಚುನಾವಣೆಗೆ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿಯ ಜತೆ 2 ಲಕ್ಷ ರೂಪಾಯಿ, ಪರಿಶಿಷ್ಟರಿಂದ 1 ಲಕ್ಷ ಪಡೆಯಿತು. ಬಡ ನೇಕಾರನೊಬ್ಬ ಟಿಕೆಟ್ ಕೇಳುವುದಕ್ಕೂ ಅಷ್ಟು ಹಣ ಬೇಕೆಂಬುದು ಅನ್ಯಾಯವೇ.

ಪಕ್ಷದೊಳಗೆ ತೀರದ ಜಗಳ ಜಮಖಂಡಿಯಲ್ಲಿ ಮತಗಟ್ಟೆಗೇ ಬಂತು. 2018ರಲ್ಲಿ ಬಿಜೆಪಿಯ ಶ್ರೀಕಾಂತ ಕುಲಕರ್ಣಿ ಎದುರು ಬಂಡಾಯಗಾರರಾಗಿ ಸಂಗಮೇಶ ನಿರಾಣಿ ನಿಂತರು. ಸಿದ್ದು ನ್ಯಾಮಗೌಡರು ಅಲ್ಪ ಅಂತರದಿಂದ ಗೆದ್ದರು. ಅದೇ ವರ್ಷದ ಮೇ ತಿಂಗಳಲ್ಲೇ ಅವರು ಅಪಘಾತದಲ್ಲಿ ತೀರಿಕೊಂಡಾಗ ಕಾಂಗ್ರೆಸ್ ಮಗ ಆನಂದರಿಗೆ ಟಿಕೆಟ್ ಕೊಟ್ಟಿತು. ನವೆಂಬರಿನ ಉಪಚುನಾವಣೆಯಲ್ಲಿ ಅವರ ಗೆಲುವಿನ ಅಂತರ 39,480 ಮತ. 2023ರಲ್ಲಿ ಬಿಜೆಪಿ ಜಗದೀಶ ಗುಡಗುಂಟಿಯವರನ್ನು ಇಳಿಸಿತು, ಆನಂದ ಸೋತರು.

ರಬಕವಿ-ಬನಹಟ್ಟಿ ಸೇರಿದ ತೇರದಾಳ ಕ್ಷೇತ್ರದಲ್ಲಿ ನೇಕಾರರ ಲೆಕ್ಕ ಮುಖ್ಯ. 2013ರಲ್ಲಿ ನಟಿ ಉಮಾಶ್ರೀ ಇಲ್ಲಿಂದ ಗೆದ್ದು ಮಂತ್ರಿಯಾದರು. 2023ರಲ್ಲಿ ಕಾಂಗ್ರೆಸ್ ಅವರನ್ನು ಬಿಟ್ಟು ಸಿದ್ದಪ್ಪ ಕೊಣ್ಣೂರರನ್ನು ನಿಲ್ಲಿಸಿತು. ಗೆದ್ದವರು ಬಿಜೆಪಿಯ ಸಿದ್ದು ಸವದಿ.

ಮುಧೋಳ ಪರಿಶಿಷ್ಟ ಜಾತಿಗೆ ಮೀಸಲು. 2004ರಿಂದ ಸತತ ನಾಲ್ಕು ಬಾರಿ ಗೆದ್ದ ಬಿಜೆಪಿಯ ಗೋವಿಂದ ಕಾರಜೋಳ 2023ರಲ್ಲಿ ಕಾಂಗ್ರೆಸ್ಸಿನ ಆರ್.ಬಿ. ತಿಮ್ಮಾಪುರರಿಗೆ ಸೋತರು. ಬೀಳಗಿಯಲ್ಲಿ 2008ರಿಂದ ಬಿಜೆಪಿಯ ಮುರುಗೇಶ ನಿರಾಣಿ, ಕಾಂಗ್ರೆಸ್ಸಿನ ಜೆ.ಟಿ. ಪಾಟೀಲರು ಸರದಿಯಂತೆ ಗೆದ್ದಿದ್ದಾರೆ. ಅಲ್ಲಿ ಮತದಾರನ ಮುಂದಿರುವುದು ಆ ಎರಡೇ ಹೆಸರು.