ಎಲ್ಲೆಯಾಚೆಯ ಹೊಣೆ

ನಗರಸಭೆಯ ಕರ್ತವ್ಯವು ನಗರದ ಎಲ್ಲೆಯಲ್ಲಿಯೇ ಮುಗಿಯುವುದೆಂದು ನಾನು ಬಹುಕಾಲ ನಂಬಿದ್ದೆ. ಲಂಡನ್ನಿನ ಈಶಾನ್ಯಕ್ಕಿರುವ ಎಪಿಂಗ್ ಅರಣ್ಯದ ಚರಿತ್ರೆಯು ಆ ನಂಬಿಕೆಯನ್ನು ತಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನ್ದಾರರು ಆ ಕಾಡಿಗೆ ಬೇಲಿ ಹಾಕತೊಡಗಿದರು. ಸೌದೆ ಕಡಿಯುವ ಹಕ್ಕನ್ನು ಬಿಟ್ಟುಕೊಡದ ಲೌಟನ್ ಗ್ರಾಮದ ಕೆಲವು ಬಡವರು 1866ರಲ್ಲಿ ಸೆರೆಮನೆ ಸೇರಿದರು. ಲಂಡನ್ ನಗರಾಡಳಿತಕ್ಕೆ ಅಲ್ಲಿ ಅಧಿಕಾರವಿರಲಿಲ್ಲ; ಸ್ಮಶಾನಕ್ಕೆಂದು ಕೊಂಡಿದ್ದ ನೆಲದೊಡನೆ ಬಂದ ದನ ಮೇಯಿಸುವ ಹಕ್ಕಷ್ಟೇ ಇತ್ತು. ಅದನ್ನೇ ಆಧಾರವಾಗಿ ಹಿಡಿದು 1871ರಲ್ಲಿ ದಾವೆ ಹೂಡಿ, 1874ರಲ್ಲಿ ಗೆದ್ದಿತು. ಕಾಡಿನ ಸಹಜ ಸ್ವರೂಪವನ್ನು ಕಾಪಾಡುವ ಹೊಣೆಯನ್ನು 1878ರ ಕಾಯಿದೆಯು ಅದಕ್ಕೆ ಒಪ್ಪಿಸಿತು. ಇಂದಿಗೂ ಆ ಹೊಣೆ ಅದರದೇ.

ಆದರೆ ಅದೇ ಕಾಯಿದೆಯು ಸೌದೆಯ ಹಕ್ಕನ್ನು ಪರಿಹಾರ ಕೊಟ್ಟು ಕೊನೆಗಾಣಿಸಿತು. ಕಾಡನ್ನು ಉಳಿಸಿದ ಪೌರಾಡಳಿತವನ್ನು ಗೌರವಿಸುತ್ತೇನೆ. ಸೆರೆಮನೆ ಕಂಡ ಆ ಬಡವರನ್ನು ಮರೆಯಲಾರೆ.